ಆಹಾರ ಬಂಧುವಿಗೆ ಬಂದ ಡಬ್ಬಿಗಳು

ಕಥೆ ಶುರು ಮಾಡುವ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇದರಲ್ಲಿ ಬರುವ ರೊಟ್ಟಿ, ಹಲ್ವ, ಕೋಡುಬಳೆಗಳಲ್ಲಿ ಅರ್ಧಕ್ಕರ್ಧ ತಿಂದವನು ನಾನೇ. ಹಾಗಾಗಿ ನನ್ನನ್ನು ಎಷ್ಟು ನಂಬಬೇಕು ಎಂಬುದು ನಿಮಗೆ ಬಿಟ್ಟದ್ದು.

ನನ್ನ ಹೆಸರು ಜಯಣ್ಣ. ವಾರವೆಲ್ಲ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಭಾನುವಾರ ಬೆಳಿಗ್ಗೆ ಸೋಹೋ ರೋಡಿನ ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಗುಂಡಿ ಒತ್ತುತ್ತೇನೆ. ಆ ಕೋಣೆಯೇ ನಮ್ಮ ರೇಡಿಯೋ ಕೇಂದ್ರ. ಅಲ್ಲಿ ಪಂಜಾಬಿಗೆ ಮೂರು ಗಂಟೆ, ಗುಜರಾತಿಗೆ ಎರಡು ಗಂಟೆ, ಕನ್ನಡಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಗಾಗಿ ನಮ್ಮ ಕನ್ನಡ ಸಂಘದವರು ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿದ್ದೆವು. ಸಿಕ್ಕ ಮೇಲೆ ಅದರಲ್ಲಿ ಏನು ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಮಾತಾಡುವ ಕೆಲಸ ನನ್ನ ಪಕ್ಕದ ಮನೆಯ ಪ್ರಭಾಕರನ ತಲೆಗೆ ಬಂತು. ಸಂಘದ ಸಭೆಗಳಲ್ಲಿ ಹನ್ನೊಂದು ವರ್ಷದಿಂದ ವಂದನಾರ್ಪಣೆ ಮಾಡುತ್ತಿದ್ದವನು ಅವನು. ಅವನ ಉದ್ಯೋಗ ಕೌನ್ಸಿಲ್ಲಿನಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಬೇಕಾದ ಪಾರ್ಕಿಂಗ್ ಪರ್ಮಿಟ್ ಕೊಡುವ ವಿಭಾಗ. ಪೋಸ್ಟ್‌ಕೋಡ್ ತಪ್ಪಿದ್ದರೆ, ಸಹಿ ಇಲ್ಲದಿದ್ದರೆ ಅರ್ಜಿಯನ್ನು ವಾಪಸ್ ಕಳಿಸುವುದು ಅವನ ಕೆಲಸ. ನಮ್ಮವರಲ್ಲಿ ಅರ್ಧ ಜನ ಪರ್ಮಿಟ್ ಸಿಗದೆ ಅವನ ಆಫೀಸನ್ನು ಶಪಿಸುತ್ತಿದ್ದುದರಿಂದ, ರೇಡಿಯೋದಲ್ಲಿ ಸ್ವಂತ ಹೆಸರು ಹೇಳುವ ಧೈರ್ಯ ಅವನಿಗಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯ ಮಾರ್ಚಿನ ಒಂದು ಭಾನುವಾರ ಹಾಡಿನ ಸಿ.ಡಿ. ಸಿಕ್ಕಿಹಾಕಿಕೊಂಡಿತು. ಐದು ನಿಮಿಷ ತುಂಬಿಸಬೇಕು. ಪ್ರಭಾಕರ ಚೀಲದಿಂದ ಇಂಗ್ಲಿಷ್ ಪೇಪರ್ ತೆಗೆದು, ಅಕ್ರೋಟು ತಿಂದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂಬ ಸುದ್ದಿಯನ್ನು ಕನ್ನಡದಲ್ಲಿ ಹೇಳತೊಡಗಿದ. ಅದೂ ಎಂಥ ಕನ್ನಡ! ಆಕಾಶವಾಣಿಯಲ್ಲಿ ವಾರ್ತೆ ಓದುವವರ ದನಿ, ಹೊಕ್ಕುಳಿನಿಂದ ಎದ್ದ ಮಹಾಪ್ರಾಣ. “ಪ್ರಿಯ ಶ್ರೋತೃ ಬಾಂಧವರೇ, ಆಹಾರವೇ ಔಷಧ, ಅಡುಗೆಮನೆಯೇ ಆಸ್ಪತ್ರೆ. ಇಂತಿ ನಿಮ್ಮ ಆಹಾರ ಬಂಧು!” ಮುಗಿಸುವಷ್ಟರಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳಲಾರಂಭಿಸಿತು. ಕವೆಂಟ್ರಿಯಿಂದ ಒಬ್ಬರು, ಅಕ್ರೋಟು ನೆನೆಸಿ ತಿನ್ನಬೇಕೋ ಹಾಗೇ ತಿನ್ನಬೇಕೋ ಎಂದು ಕೇಳಿದರು. “ನೆನೆಸತಕ್ಕದ್ದು” ಎಂದ ಪ್ರಭಾಕರ. ಯಾಕೆ ಹಾಗೆಂದನೋ ಅವನಿಗೂ ಗೊತ್ತಿಲ್ಲ.

ಅಂದಿನಿಂದ ವಾರವಾರವೂ ಆಹಾರ ಬಂಧು. ಪೇಪರಿನಲ್ಲಿ ತಿನ್ನುವುದರ ಬಗ್ಗೆ ಏನು ಬಂದರೂ ಪ್ರಭಾಕರ ಕತ್ತರಿಸಿ, ಆಫೀಸಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಕವರು ಪರ್ಮಿಟ್ಟಿನ ಅಳತೆಯದು, ಲೇಖನ ಸ್ವಲ್ಪ ಉದ್ದದ್ದು. ಆದ್ದರಿಂದ ಪ್ರತಿ ಲೇಖನದ ಕೊನೆಯ ಸಾಲನ್ನು ಕತ್ತರಿಸಿ ಬಿಸಾಡುತ್ತಿದ್ದ. ಅವನ ಹೆಂಡತಿ ರಾಜೇಶ್ವರಿ ಜಿ.ಪಿ. ಡಾಕ್ಟರು. ಮನೆಯಲ್ಲಿ ನಿಜವಾದ ಡಾಕ್ಟರು ಎಂದರೆ ಅವರೊಬ್ಬರೇ. ಅವರು ಆ ಕಾಗದದ ಪಟ್ಟಿಗಳನ್ನು ನೆಲದಿಂದ ಎತ್ತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದರು.

“ರೀ, ಕೊನೇ ಸಾಲು ಓದ್ರಿ. ಅಕ್ರೋಟಿನ ಸಂಶೋಧನೆಗೆ ದುಡ್ಡು ಕೊಟ್ಟೋರು ಅಕ್ರೋಟು ಮಾರೋರೇ ಅಂತ ಬರೆದಿದೆ.”

“ಕೊನೇಲಿ ಹಾಕಿದ್ದಾರೆ ಅಂದ್ರೆ ಅದು ಮುಖ್ಯ ಅಲ್ಲ ಅಂತ ಅರ್ಥ ಕಣೇ” ಎಂದ ಆಹಾರ ಬಂಧು.

ಏಪ್ರಿಲ್‌ನಲ್ಲಿ ತಿಪಟೂರಿನಿಂದ ಪ್ರಭಾಕರನ ಅತ್ತೆ ಮಹಾದೇವಮ್ಮನವರು ಆರು ತಿಂಗಳಿಗೆಂದು ಬಂದಿಳಿದರು. ಮಗಳು ಬೆಳಿಗ್ಗೆ ಸರ್ಜರಿಗೆ, ಅಂದರೆ ತಮ್ಮ ಕ್ಲಿನಿಕ್ಕಿಗೆ, ಹೋದರೆ ಸಂಜೆಯೇ ಬರುವುದು. ಟಿ.ವಿ.ಯ ಇಂಗ್ಲಿಷ್ ಅವರಿಗೆ ತಲೆನೋವು. ಬೇಸರ ಕಳೆಯಲಿ ಎಂದು ರಾಜೇಶ್ವರಿ ಒಂದು ರೇಡಿಯೋ ತಂದಿಟ್ಟರು. ಮೊದಲ ಭಾನುವಾರವೇ, ಅಳಿಯ “ಸಂಘದ ಮೀಟಿಂಗು” ಎಂದು ಹೊರಟ ಮೇಲೆ, ಮಹಾದೇವಮ್ಮನವರು ಆಹಾರ ಬಂಧುವಿನ ದನಿ ಕೇಳಿದರು. ಕೇಳಿ ಮಾರುಹೋದರು.

ಅಳಿಯನ ದನಿ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಸಿಗುವುದು ಹೇಗೆ ಸ್ವಾಮಿ? ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಪ್ರಭಾಕರ ಅತ್ತೆಯ ಮುಂದೆ ಆಡಿದ್ದು ಮೂರೇ ಮಾತು: “ಹೂಂ”, “ಆಯ್ತು”, “ಬನ್ನಿ”. ನಿಶ್ಚಿತಾರ್ಥದ ದಿನವೇ ಆಕೆ “ಹುಡುಗ ಸ್ವಲ್ಪ ಮಂಕು” ಎಂದದ್ದು ಅವನ ಕಿವಿಗೆ ಬಿದ್ದಿತ್ತು. ಅಂದು ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ನಾನೂ ಇದ್ದೆ. ಮಹಾದೇವಮ್ಮನವರ ಕಣ್ಣಲ್ಲಿ ಮಿಂಚು. “ರಾಜಿ, ಆ ರೇಡಿಯೋ ಡಾಕ್ಟ್ರದ್ದು ಎಂಥಾ ವಿದ್ಯೆ ಕಣೇ! ಬೆಂಗಳೂರಿನ ದೊಡ್ಡ ಆಸ್ಪತ್ರೇಲಿದ್ದೋರೇ ಇರಬೇಕು. ಮಾತು ಅಂದ್ರೆ ಹಂಗಿರಬೇಕು.” ಆಮೇಲೆ ಅಳಿಯನ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟರು.

ರಾಜೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಪ್ರಭಾಕರ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದ. ಅತ್ತೆ ತನ್ನನ್ನು ಹೊಗಳುವುದನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದಾನೆ ಬಡಪಾಯಿ, ಇನ್ನೊಂದೆರಡು ವಾರ ಕೇಳೋಣ ಎನ್ನಿಸಿದರೆ ತಪ್ಪೇ? ಎರಡು ವಾರ ಎರಡು ತಿಂಗಳಾಯಿತು.

ಅಷ್ಟರಲ್ಲಿ ಡಬ್ಬಿಗಳು ಬರತೊಡಗಿದವು. ಮೊದಲನೆಯದು ಹಾವೇರಿ ಕಡೆಯ ನಿಂಗಪ್ಪನವರದು. ಸೋಹೋ ರೋಡಿನಲ್ಲಿ ಅವರದು ದಿನಸಿ ಅಂಗಡಿ. ಸ್ಟೀಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿಸಿ ರೇಡಿಯೋ ಕೋಣೆಗೇ ತಂದುಕೊಟ್ಟರು. ರೊಟ್ಟಿ ಅರ್ಧ ಗಂಟೆಯಲ್ಲಿ ಮುಗಿಯಿತು, ಆ ಮಾತು ಬಿಡಿ. ಡಬ್ಬಿ ಉಳಿಯಿತು. ನಮ್ಮವರಲ್ಲಿ ಕೊಟ್ಟವರ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಪ್ರಭಾಕರನಿಗೆ ಅಡುಗೆ ಬರದು. ರಾಜೇಶ್ವರಿಗೆ ಪುರುಸೊತ್ತಿಲ್ಲ. ಡಬ್ಬಿಗೆ ಹಾಕಲು ಅವನ ಹತ್ತಿರ ಮಾತಲ್ಲದೆ ಇನ್ನೇನಿತ್ತು?

“ಅನ್ನವನ್ನು ತ್ಯಜಿಸಿರಿ, ಜೋಳವನ್ನು ಭಜಿಸಿರಿ” ಎಂದು ಮುಂದಿನ ಭಾನುವಾರ ಆಹಾರ ಬಂಧು ಕರೆಕೊಟ್ಟ. ಸೋಮವಾರ ನಿಂಗಪ್ಪನವರ ಅಂಗಡಿಯಲ್ಲಿ ಜೋಳದ ಹಿಟ್ಟು ಹೇಳಹೆಸರಿಲ್ಲದಂತಾಯಿತು.

ಸುದ್ದಿ ಖುರ್ಷೀದಾ ಅವರಿಗೆ ತಲುಪಿತು. ಚನ್ನಪಟ್ಟಣದ ಕಡೆಯವರು, ಮದುವೆಗಳಿಗೆ, ಈದ್‌ಗೆ ಸಿಹಿ ಮಾಡಿಕೊಡುವವರು. “ಪ್ರಭಾಕರ್ ಭಾಯ್, ನಮ್ಮದೂ ಸ್ವಲ್ಪ ನೋಡಿ” ಎಂದು ಒಂದು ಡಬ್ಬಿ ಬಾದಾಮಿ ಹಲ್ವ ಕಳಿಸಿದರು. ಬಾಯಲ್ಲಿಟ್ಟರೆ ತುಪ್ಪ ಗಂಟಲಿಗೆ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಅದೇ ವಾರ ಪೇಪರಿನಲ್ಲಿ ಬಾದಾಮಿ ಹೃದಯಕ್ಕೆ ಒಳ್ಳೆಯದು ಎಂದು ಬರಬೇಕೇ! ಪ್ರಭಾಕರ ಕೊನೆಯ ಸಾಲು ಕತ್ತರಿಸಿದ, ರಾಜೇಶ್ವರಿ ಫ್ರಿಜ್ಜಿಗೆ ಅಂಟಿಸಿದರು. ಭಾನುವಾರ ಆಹಾರ ಬಂಧು ನಾಲ್ಕು ನಿಮಿಷ ಹಲ್ವದ ಗುಣಗಾನ ಮಾಡಿದ. “ಬಾದಾಮಿ ಹಲ್ವ ಎಂಬುದು ಸಿಹಿಯಲ್ಲ, ಅದು ಹೃದಯದ ಕವಚ!”

ಮಹಾದೇವಮ್ಮನವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಆ ಭಾನುವಾರದಿಂದ ಅಳಿಯ ಮನೆಗೆ ತಂದಿಟ್ಟ ಹಲ್ವವನ್ನು ಬೆಳಿಗ್ಗೆ ಒಂದು ತುಂಡು, ರಾತ್ರಿ ಒಂದು ತುಂಡು ಎಂದು ಮಾತ್ರೆಯ ಹಾಗೆ ತಪ್ಪದೆ ತೆಗೆದುಕೊಳ್ಳತೊಡಗಿದರು. ತಿನ್ನುತ್ತಿದ್ದದ್ದು ಮಗಳು ಕೆಲಸಕ್ಕೆ ಹೋದ ಮೇಲೆ, ಮಗಳು ಮಲಗಿದ ಮೇಲೆ.

ಮುಂದಿನ ವಾರ ರೇಡಿಯೋ ಕೋಣೆಯ ಮೆಟ್ಟಿಲಿನ ಮೇಲೆ ನಿಂಗಪ್ಪ, ಖುರ್ಷೀದಾ ಎದುರುಬದುರಾದರು. ನಡುವೆ ಸಿಕ್ಕಿಬಿದ್ದವನು ಪ್ರಭಾಕರ.

“ಏನ್ರೀ ಪ್ರಭಾಕರ ಅವರ, ನನ್ನ ಡಬ್ಬಿ ದೊಡ್ಡದೈತಿ, ಮಾತು ಯಾಕ್ ಸಣ್ಣದಾತು? ರೊಟ್ಟಿಗೆ ಎರಡ್ ನಿಮಿಷ, ಹಲ್ವಾಕ್ಕ ನಾಕ್ ನಿಮಿಷ! ಇದು ನ್ಯಾಯ ಏನ್ರಿ?”

“ಬಾದಾಮಿ ಏನ್ ರೇಟಿದೆ ಗೊತ್ತಾ ನಿಂಗಪ್ಪ ಭಾಯ್? ನಾಲ್ಕು ನಿಮಿಷ ಕಮ್ಮಿನೇ!” ಎಂದರು ಖುರ್ಷೀದಾ.

ಪ್ರಭಾಕರ ಇಬ್ಬರಿಗೂ “ಆಯ್ತು” ಎಂದ. ಆ ಭಾನುವಾರ ರೊಟ್ಟಿಯ ಮೇಲೆ ಹಲ್ವ ಹಚ್ಚಿಕೊಂಡು ತಿನ್ನುವುದರಿಂದ ಆಗುವ ಪ್ರಯೋಜನಗಳನ್ನು ಕುರಿತು ಆರು ನಿಮಿಷ ಮಾತಾಡಿದ. ಇಬ್ಬರಿಗೂ ಸಿಟ್ಟು ಬಂತು. ಯಾರೋ ದೂರು ಬರೆದರು. ಯಾರೆಂದು ನಾನು ಹೇಳುವುದಿಲ್ಲ, ನನಗೆ ಈಗಲೂ ರೊಟ್ಟಿ ಬೇಕು.

ರೇಡಿಯೋ ಕೇಂದ್ರದ ಉಸ್ತುವಾರಿ ಡೋರೀನ್ ಮೇಡಂ ಅವರದು. ಮೂವತ್ತು ವರ್ಷ ಲೈಬ್ರರಿಯಲ್ಲಿದ್ದು ನಿವೃತ್ತರಾದ ಇಂಗ್ಲಿಷ್ ಹೆಂಗಸು. ಕೈಯಲ್ಲೊಂದು ಕೆಂಪು ಫೈಲು, ಅದರ ತುಂಬ ನಿಯಮಗಳು. ಅವರು ಪ್ರಭಾಕರನನ್ನು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಒಂದು ಪದಾರ್ಥ ಒಳ್ಳೆಯದು ಎಂದು ರೇಡಿಯೋದಲ್ಲಿ ಹೇಳುವವನು ಅದನ್ನು ಮಾರುವವರಿಂದ ಏನಾದರೂ ಪಡೆದಿದ್ದರೆ ಕೇಳುಗರಿಗೆ ತಿಳಿಸಬೇಕು. ಏನು ಬಂತು, ಯಾರಿಂದ ಬಂತು, ಎಲ್ಲವನ್ನೂ ಕಾರ್ಯಕ್ರಮದ ಆರಂಭದಲ್ಲೇ ಹೇಳಬೇಕು. ಇಲ್ಲದಿದ್ದರೆ ಕನ್ನಡದ ಅರ್ಧ ಗಂಟೆ ಗುಜರಾತಿಗೆ ಹೋಗುತ್ತದೆ.

ಹೊರಗೆ ಬಂದ ಪ್ರಭಾಕರನ ಮುಖ ಅರಳಿತ್ತು. “ಅಷ್ಟೇನಾ ಜಯಣ್ಣ! ಯಾರ್ಯಾರು ಏನೇನು ಕೊಟ್ರು ಅಂತ ಹೆಸರು ಹೇಳ್ಬೇಕಂತೆ. ವಂದನಾರ್ಪಣೆ! ಹನ್ನೊಂದು ವರ್ಷದಿಂದ ನಾನು ಮಾಡ್ತಾ ಬಂದಿರೋದು ಅದನ್ನೇ ಅಲ್ವಾ?”

ಆ ಭಾನುವಾರದ ವಂದನಾರ್ಪಣೆ ಒಂಬತ್ತು ನಿಮಿಷ ನಡೆಯಿತು. “ಮೊಟ್ಟಮೊದಲನೆಯದಾಗಿ, ಗರಿಗರಿಯಾದ ಜೋಳದ ರೊಟ್ಟಿಗಳನ್ನು ದಯಪಾಲಿಸಿದ ಕೊಡುಗೈ ದಾನಿ ನಿಂಗಪ್ಪನವರಿಗೆ ಹೃತ್ಪೂರ್ವಕ ವಂದನೆಗಳು. ಅವರ ಅಂಗಡಿ ಬಸ್ ಸ್ಟಾಪಿನ ಎದುರಿಗಿದೆ. ಭಾನುವಾರವೂ ತೆರೆದಿರುತ್ತದೆ. ತುಪ್ಪ ಸುರಿಯುವ ಹಲ್ವವನ್ನು ಕರುಣಿಸಿದ ಸೋದರಿ ಖುರ್ಷೀದಾ ಅವರಿಗೆ, ಅವರ ಫೋನ್ ನಂಬರಿನೊಂದಿಗೆ, ಅನಂತ ವಂದನೆಗಳು...” ಡೋರೀನ್ ಮೇಡಮ್ಮಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನನ್ನದು. ಬಸ್ ಸ್ಟಾಪನ್ನೂ ಫೋನ್ ನಂಬರನ್ನೂ ಬಿಟ್ಟು ಬರೆದೆ. ಅವರು ಓದಿ, ಇಷ್ಟು ಪ್ರಾಮಾಣಿಕವಾದ ಕಾರ್ಯಕ್ರಮ ತಮ್ಮ ಕೇಂದ್ರದಲ್ಲಿ ಇನ್ನೊಂದಿಲ್ಲ ಎಂದು ಕೊಂಡಾಡಿದರು.

ಮುಂದಿನ ಭಾನುವಾರ ಕೋಣೆಯ ಬಾಗಿಲು ತೆರೆಯಲಾಗಲಿಲ್ಲ. ಒಳಗಿನಿಂದ ಹದಿನಾಲ್ಕು ಡಬ್ಬಿಗಳು ಒತ್ತಿಕೊಂಡಿದ್ದವು! ರೇಡಿಯೋದಲ್ಲಿ ಹೆಸರು ಬರುತ್ತದೆ ಎಂದರೆ ನಮ್ಮವರು ಸುಮ್ಮನಿರುತ್ತಾರೆಯೇ? ವುಲ್ವರ್‌ಹ್ಯಾಂಪ್ಟನ್ನಿನಿಂದ ನಿಪ್ಪಟ್ಟು, ಲೆಸ್ಟರಿನಿಂದ ಕೋಡುಬಳೆ, ಡಾರ್ಬಿಯಿಂದ ಹುಳಿಯವಲಕ್ಕಿ. ಡೋರೀನ್ ಮೇಡಂ ಭುಜಕೊಟ್ಟು ಬಾಗಿಲು ತಳ್ಳಿ ಒಳಬಂದರು. ಸಿಟ್ಟಿನಿಂದಲೇ ಒಂದು ಕೋಡುಬಳೆಯನ್ನು ಪರೀಕ್ಷಿಸಿದರು. ಆಮೇಲೆ ಇನ್ನೊಂದನ್ನು ಪರೀಕ್ಷಿಸಿದರು. ಕೊನೆಗೆ ಕೆಂಪು ಫೈಲು ತೆರೆದು, ತಮ್ಮ ಹೆಸರಿನ ಮುಂದೆ “ಕೋಡುಬಳೆ, ಎರಡು” ಎಂದು ಬರೆದು ಸಹಿ ಮಾಡಿದರು. ಇಂಗ್ಲಿಷರ ಪ್ರಾಮಾಣಿಕತೆಗೆ ನಾನು ಅಂದು ತಲೆಬಾಗಿದೆ.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಜುಲೈ ತಿಂಗಳ ಒಂದು ಸಂಜೆ ಮಹಾದೇವಮ್ಮನವರಿಗೆ ಕಣ್ಣು ಮಂಜಾಯಿತು, ನೀರಡಿಕೆ ಹೆಚ್ಚಿತು. ರಾಜೇಶ್ವರಿ ಬೆರಳು ಚುಚ್ಚಿ ಮೀಟರಿಗೆ ರಕ್ತ ಹಾಕಿದರು. ಮೀಟರು ಹತ್ತೊಂಬತ್ತು ಎಂದಿತು. ರಾಜೇಶ್ವರಿಯ ಮುಖ ಬಿಳಿಚಿಕೊಂಡಿತು.

ಮಹಾದೇವಮ್ಮನವರು ಮಾತ್ರ ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. “ಹತ್ತೊಂಬತ್ತಾ? ಬರೀ ಹತ್ತೊಂಬತ್ತಾ? ಊರಲ್ಲಿ ಇನ್ನೂರೈವತ್ತಿತ್ತಲ್ಲೇ! ನಮ್ಮಪ್ಪಾ, ಎಷ್ಟು ಇಳಿದೋಗಿದೆ! ರೇಡಿಯೋ ಡಾಕ್ಟ್ರ ಹೊಟ್ಟೆ ತಣ್ಣಗಿರ್ಲಿ!”

“ಅಮ್ಮಾ, ಇಲ್ಲಿನ ಅಳತೆ ಬೇರೆ. ಇದನ್ನ ಹದಿನೆಂಟರಿಂದ ಗುಣಿಸ್ಬೇಕು. ಮುನ್ನೂರು ದಾಟಿದೆ!”

“ನೀನು ಲೆಕ್ಕದಲ್ಲಿ ಚಿಕ್ಕಂದಿನಿಂದ್ಲೂ ಅಷ್ಟಕ್ಕಷ್ಟೇ ಬಿಡು” ಎಂದರು ಮಹಾದೇವಮ್ಮ. ಆ ಸಂತೋಷಕ್ಕೆ, ಎಲ್ಲಿ ಬಚ್ಚಿಟ್ಟಿದ್ದರೋ, ಒಂದು ತುಂಡು ಹಲ್ವ ತೆಗೆದು ನಮ್ಮೆದುರಿಗೇ ಬಾಯಿಗೆ ಹಾಕಿಕೊಂಡರು.

ಅಂದು ಅಡುಗೆಮನೆಯಲ್ಲಿ ರಾಜೇಶ್ವರಿ ಗಂಡನಿಗೆ ಆಡಿದ ಮಾತುಗಳನ್ನು ನಾನು ಗೋಡೆಯಾಚೆಯಿಂದ ಕೇಳಿದೆ. ಎಲ್ಲವನ್ನೂ ಬರೆಯುವ ಹಾಗಿಲ್ಲ. ಸಾರಾಂಶ ಇಷ್ಟು: “ಅಮ್ಮನ ಕಣ್ಣು ಹೋದ್ರೆ ನಿಮ್ಮ ಆಹಾರ ಬಂಧು ತಂದ್ಕೊಡ್ತಾನಾ? ನನ್ನ ಮಾತು ಅವ್ರು ಕೇಳಲ್ಲ. ಕೇಳೋದು ಅವನ ಮಾತು ಒಂದೇ. ಭಾನುವಾರ ಅವನೇ ಹೇಳ್ಲಿ.”

ಪ್ರಭಾಕರ ನಿಜಕ್ಕೂ ಹೆದರಿದ್ದ. ಭಾನುವಾರ ಆಕಾಶವಾಣಿಯ ದನಿಯಲ್ಲೇ ಖಡಾಖಂಡಿತವಾಗಿ ಹೇಳಿದ. “ಮಧುಮೇಹಿಗಳು ಹಲ್ವ, ಮಿಠಾಯಿಗಳನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು!” ಹೇಳಿ, ಹಗುರಾಗಿ ಮನೆಗೆ ಬಂದ.

ಮನೆಯಲ್ಲಿ ಮಹಾದೇವಮ್ಮನವರು ಗಲ್ಲಕ್ಕೆ ಕೈಯಿಟ್ಟು ಕೂತಿದ್ದರು. “ಪಾಪ, ಆ ಮನುಷ್ಯನ್ನ ಕೊಂಡ್ಕೊಂಡ್ಬಿಟ್ರು! ಮಾತ್ರೆ ಕಂಪನಿಯೋರು. ಮೊನ್ನೆ ಮೊನ್ನೆವರೆಗೂ ಕವಚ ಆಗಿದ್ದ ಹಲ್ವ ಈ ವಾರ ವಿಷ ಹೆಂಗಾಗುತ್ತೆ? ರಾಜಿ, ನೀನೇ ಫೋನ್ ಮಾಡಿ ಹೇಳ್ಸಿರ್ತೀಯ, ಡಾಕ್ಟ್ರು ಡಾಕ್ಟ್ರು ಒಂದೇ.” ಹದಿನೇಳು ವಾರದಲ್ಲಿ ಆಹಾರ ಬಂಧು ಆಡಿದ ಒಂದೇ ಒಂದು ನಿಜವನ್ನು ಕೇಳಿ ಅವರಿಗೆ ಲಂಚದ ವಾಸನೆ ಬಡಿದಿತ್ತು.

ಅಷ್ಟಕ್ಕೇ ಸುಮ್ಮನಾಗುವ ಜೀವವಲ್ಲ ಅದು. ಮರುದಿನ ಕೊಬ್ಬರಿ ತುರಿದರು, ಪಾಕ ತೆಗೆದರು, ತಿಪಟೂರಿನ ಕೊಬ್ಬರಿ ಮಿಠಾಯಿಯನ್ನು ಡಬ್ಬಿಗೆ ಜೋಡಿಸಿದರು. ಶನಿವಾರ ಅದನ್ನು ಅಳಿಯನ ಕೈಗಿಟ್ಟರು. “ನಿಮ್ಮ ಸಂಘದೋರಿಗೆ ಆ ಡಾಕ್ಟ್ರ ಪರಿಚಯ ಇರುತ್ತಲ್ಲ, ತಲುಪಿಸ್ಬಿಡಿ. ಕಂಪನಿಯೋರು ಏನು ಮಹಾ ಕೊಟ್ಟಿರ್ತಾರೆ? ಪೆನ್ನು, ಕ್ಯಾಲೆಂಡರು. ಇದರ ಮುಂದೆ ಅದು ಯಾವ ಲೆಕ್ಕ? ತಿಂದ್ರೆ ದಾರಿಗೆ ಬರ್ತಾರೆ.”

“ಆಯ್ತು” ಎಂದ ಪ್ರಭಾಕರ.

ಭಾನುವಾರ ಅವನು ರೇಡಿಯೋ ಕೋಣೆಗೆ ಬಂದಾಗ ಒಂದು ಕೈಯಲ್ಲಿ ಆ ಡಬ್ಬಿ, ಇನ್ನೊಂದು ಕೈಯಲ್ಲಿ ಫ್ರಿಜ್ಜಿನಿಂದ ಕಿತ್ತ ಕಾಗದದ ಪಟ್ಟಿಗಳು. ಡಬ್ಬಿ ತೆರೆದು ಮಿಠಾಯಿಯ ಒಂದು ತುಂಡು ತಾನು ತಿಂದ, ಉಳಿದದ್ದನ್ನು ನನ್ನ ಕಡೆ ತಳ್ಳಿದ. ನಾನು ಗುಂಡಿ ಒತ್ತಿದೆ, ಕೆಂಪು ದೀಪ ಹೊತ್ತಿತು.

“ನಮಸ್ಕಾರ” ಎಂದ. ಆಕಾಶವಾಣಿಯ ದನಿ ಇರಲಿಲ್ಲ! ಪಕ್ಕದ ಮನೆಯ ಪ್ರಭಾಕರನ ಕೀರಲು ದನಿ. “ನಾನು ಡಾಕ್ಟ್ರಲ್ಲ. ನನ್ನ ಹೆಸರು ಪ್ರಭಾಕರ. ಪಾರ್ಕಿಂಗ್ ಪರ್ಮಿಟ್ ಆಫೀಸಲ್ಲಿ ಕೆಲಸ. ನಿಂಗಪ್ಪನವರು ರೊಟ್ಟಿ ಕೊಟ್ರು, ಜೋಳ ಒಳ್ಳೇದು ಅಂದೆ. ಖುರ್ಷೀದಾ ಅವರು ಹಲ್ವ ಕೊಟ್ರು, ಹಲ್ವ ಒಳ್ಳೇದು ಅಂದೆ. ಅವರೇನೂ ಕೆಟ್ಟೋರಲ್ಲ, ಡಬ್ಬಿ ಖಾಲಿ ಕೊಡಬಾರದು ಅಂತ ನಾನೇ ಮಾತು ತುಂಬಿ ಕೊಟ್ಟೆ. ಪೇಪರಲ್ಲಿ ಬಂದಿದ್ದಕ್ಕೂ ಒಂದೊಂದು ಕೊನೇ ಸಾಲಿತ್ತು. ನಾನು ಕತ್ತರಿಸಿಬಿಟ್ಟಿದ್ದೆ. ಈಗ ಓದ್ತೀನಿ.”

ಓದಿದ. ಬಾದಾಮಿ ಸಂಶೋಧನೆಗೆ ಹಣ ಕೊಟ್ಟವರು ಬಾದಾಮಿ ಬೆಳೆಗಾರರ ಸಂಘದವರು. ಚಾಕೊಲೇಟಿನದಕ್ಕೆ ಚಾಕೊಲೇಟು ಮಾಡುವವರು. ಕಾಫಿಯದನ್ನು ಬರೆದ ಪ್ರೊಫೆಸರು ಕಾಫಿ ಕಂಪನಿಯ ಸಲಹೆಗಾರರು. ಒಟ್ಟು ಹನ್ನೊಂದು ಪಟ್ಟಿಗಳು. ಹನ್ನೊಂದನ್ನೂ ಓದಿ, ಒಂದು ಗುಟುಕು ನೀರು ಕುಡಿದ.

“ಕೊನೇದಾಗಿ, ಈ ವಾರ ಬಂದ ಡಬ್ಬಿ. ಕೊಬ್ಬರಿ ಮಿಠಾಯಿ. ಕೊಟ್ಟೋರು ತಿಪಟೂರಿನ ಮಹಾದೇವಮ್ಮ. ತಗೊಂಡೋನು ಅವರ ಅಳಿಯ. ಅತ್ತೆ, ಆ ರೇಡಿಯೋ ಡಾಕ್ಟ್ರು ನಾನೇ. ಮಾತ್ರೆ ಕಂಪನಿಯೋರು ಯಾರೂ ನನ್ನ ಕೊಂಡ್ಕೊಂಡಿಲ್ಲ. ನೀವು ಹೊಗಳಿದ್ರಲ್ಲ, ಅದಕ್ಕೆ ಬಿದ್ದುಹೋದೆ. ಹತ್ತೊಂಬತ್ತನ್ನ ಹದಿನೆಂಟರಿಂದ ಗುಣಿಸಿ ನೋಡಿ. ರಾಜಿ ಹೇಳಿದ್ದೇ ಸರಿ. ನನ್ನ ಮಾತು ನಂಬಬೇಡಿ, ಅವಳನ್ನ ನಂಬಿ.”

ನನ್ನ ಕಣ್ಣಲ್ಲಿ ನೀರು ಬಂತು, ಕೊಬ್ಬರಿ ಮಿಠಾಯಿ ಬಾಯಲ್ಲೇ ಉಳಿಯಿತು. ಫೋನು ಬಡಿದುಕೊಂಡಿತು. ಎತ್ತಿದೆ. “ಮಾರ್ಚ್‌ನಲ್ಲಿ ನನ್ನ ಪರ್ಮಿಟ್ ಅರ್ಜಿ ವಾಪಸ್ ಕಳಿಸಿದ್ದು ಇವರೇನಾ?” ಎಂದಿತು ಒಂದು ದನಿ. ಇಟ್ಟುಬಿಟ್ಟೆ.

ಮನೆಗೆ ಹೋಗಲು ಪ್ರಭಾಕರನಿಗೆ ಕಾಲೇ ಬರಲಿಲ್ಲ. ನಾನು ಜೊತೆಗೆ ಹೋದೆ. ಮಹಾದೇವಮ್ಮನವರು ಊಟದ ಮೇಜಿನ ಮುಂದೆ ಕೂತಿದ್ದರು. ರೇಡಿಯೋ ಆರಿತ್ತು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪೆನ್ಸಿಲು, ಮುಂದೆ ಹಳೆಯ ಕ್ಯಾಲೆಂಡರಿನ ಹಿಂಬದಿ. ರಾಜೇಶ್ವರಿ ಬಾಗಿಲ ಬಳಿ ನಿಂತಿದ್ದರು.

“ಮೂರು ಸಲ ಗುಣಿಸ್ದೆ” ಎಂದರು ಮಹಾದೇವಮ್ಮ, ತಲೆಯೆತ್ತದೆ. “ಮೂರು ಸಲಾನೂ ಮುನ್ನೂರ ನಲವತ್ತೆರಡೇ ಬಂತು.”

ಆಕೆ ಕನ್ನಡಕ ತೆಗೆದು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಷ್ಟು ದೊಡ್ಡ ದನೀನ ಇಪ್ಪತ್ತೆರಡು ವರ್ಷ ಎಲ್ಲಿಟ್ಟಿದ್ರಿ?”

“ಹೂಂ” ಎಂದ ಪ್ರಭಾಕರ, ಅಭ್ಯಾಸಬಲದಿಂದ.

“ಮಿಠಾಯಿ ತಿಂದ್ರಾ? ಹೆಂಗಿತ್ತು?”

ಆಯ್ತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಿಜ ಹೇಳುವ ಚಟ ಅಂದು ಬೆಳಿಗ್ಗೆಯೇ ಹತ್ತಿಬಿಟ್ಟಿತ್ತು. “ಸಕ್ಕರೆ ಜಾಸ್ತಿ ಆಗಿತ್ತು ಅತ್ತೆ” ಎಂದುಬಿಟ್ಟ! ರಾಜೇಶ್ವರಿ ಕಣ್ಣು ಮುಚ್ಚಿಕೊಂಡರು. ಪ್ರಭಾಕರ ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಡಬ್ಬಿ... ಡಬ್ಬಿ ಖಾಲಿ ತಂದಿದ್ದೀನಿ. ಏನೂ ಹಾಕಕ್ಕಾಗ್ಲಿಲ್ಲ.”

ಮಹಾದೇವಮ್ಮನವರು ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದರು. “ಖಾಲಿ ಎಲ್ಲಿದೆ ಅಳಿಯಂದ್ರೇ? ಮುನ್ನೂರ ನಲವತ್ತೆರಡು ಹಾಕ್ಕೊಂಡು ಬಂದಿದ್ದೀರಲ್ಲ” ಎಂದು, ಕ್ಯಾಲೆಂಡರಿನ ಆ ಹಾಳೆಯನ್ನು ಮಡಿಸಿ ಡಬ್ಬಿಯೊಳಗಿಟ್ಟು ಮುಚ್ಚಿದರು. ಆಮೇಲೆ ಬೆರಳು ಮುಂದೆ ಚಾಚಿದರು. “ರಾಜಿ, ಚುಚ್ಚು.”

ಅಕ್ಟೋಬರಿನಲ್ಲಿ ವಿಮಾನ ಹತ್ತುವ ಹೊತ್ತಿಗೆ ಮೀಟರು ಎಂಟಕ್ಕೆ ಇಳಿದಿತ್ತು. ಎಂಟನ್ನು ಹದಿನೆಂಟರಿಂದ ಗುಣಿಸಿಯೇ ಅವರು ಸಂತೋಷಪಟ್ಟರು. ನಮ್ಮ ಅರ್ಧ ಗಂಟೆ ನಮಗೇ ಉಳಿಯಿತು, ಈಗ ಅದರಲ್ಲಿ ಪ್ರಭಾಕರ ಪರ್ಮಿಟ್ ಅರ್ಜಿ ತುಂಬುವುದು ಹೇಗೆಂದು ಹೇಳುತ್ತಾನೆ. ಹೊರಡುವ ಹಿಂದಿನ ದಿನ ಮಹಾದೇವಮ್ಮನವರು ಚಕ್ಕುಲಿ ಮಾಡಿ, ನನ್ನ ಮನೆಗೂ ಒಂದು ಡಬ್ಬಿ ಕಳಿಸಿದರು. ಚಕ್ಕುಲಿ ಅಂದೇ ಮುಗಿಯಿತು. ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು, ನನಗೂ ಅಡುಗೆ ಬರುವುದಿಲ್ಲ. ಕೊನೆಗೆ ಈ ಕಥೆಯನ್ನು ಬರೆದು, ಮಡಿಸಿ, ಅದರೊಳಗೆ ಹಾಕಿ ಪಕ್ಕದ ಮನೆಗೆ ಕೊಟ್ಟಿದ್ದೇನೆ. ಇದರಲ್ಲಿ ಪ್ರಭಾಕರ ಇರುವುದಕ್ಕಿಂತ ಸ್ವಲ್ಪ ಒಳ್ಳೆಯವನಾಗಿ ಕಂಡಿದ್ದರೆ, ಚಕ್ಕುಲಿ ಬಹಳ ಚೆನ್ನಾಗಿತ್ತು ಎಂದು ತಿಳಿಯಿರಿ.